ಜೋಡೆತ್ತಿನ ಪೆಟ್ಟಿಗೆ, ಮರದ ಪೆಟ್ಟಿಗೆ

1951ರ ಏಪ್ರಿಲ್ 18. ಸಾಗರ ತಾಲೂಕಿನ ಕಾಗೋಡಿನಲ್ಲಿ ಗದ್ದೆಯಂಚಿನಲ್ಲಿ ನಿಂತಿದ್ದೀರಿ. ಮಲೆನಾಡೆಂದು ಬಿಸಿಲು ಕರುಣೆ ತೋರುತ್ತಿಲ್ಲ. ಒಣಗಿದ ಕೂಳೆ ಅಂಗಾಲಿಗೆ ಚುಚ್ಚುತ್ತದೆ. ನೇಗಿಲು ಹೊತ್ತ ದೀವರ ಸಮುದಾಯದ ಗೇಣಿದಾರರು ಬದು ದಾಟಿ ಇಳಿಯುತ್ತಿದ್ದಾರೆ. ಅಪ್ಪ, ಅಜ್ಜ ಉತ್ತ ನೆಲವೇ. ಆದರೆ ಇವತ್ತು ಉತ್ತರೆ ಜೈಲು.

ಜಗಳ ಹುಟ್ಟಿದ್ದು ಕೊಳಗದಲ್ಲಿ. ಒಡೆಯರ ಅಂಗಳದಲ್ಲಿ ಗೇಣಿ ಭತ್ತ ಅಳೆಯುವ ಕೊಳಗ, ಊರಲ್ಲಿ ನಡೆಯುವ ಕೊಳಗಕ್ಕಿಂತ ದೊಡ್ಡದು. ಎಚ್. ಗಣಪತಿಯಪ್ಪನವರು ರೈತಸಂಘ ಕಟ್ಟಿದ ಮೇಲೆ ಆ ವ್ಯತ್ಯಾಸವನ್ನು ಬಾಯಿಬಿಟ್ಟು ಕೇಳುವ ಧೈರ್ಯ ಬಂತು. ಕೇಳಿದವರ ಕೈಯಿಂದ ಜಮೀನು ಹೋಯಿತು. ಈಗ ದಿನವೂ ಒಂದು ತಂಡ ಗದ್ದೆಗಿಳಿಯುತ್ತದೆ, ಪೊಲೀಸರು ಹಿಡಿದೊಯ್ಯುತ್ತಾರೆ, ಮರುದಿನ ಇನ್ನೊಂದು ತಂಡ. ಇವರ ಬೆನ್ನಿಗೆ ನಿಂತ ಸೋಷಲಿಸ್ಟರಲ್ಲಿ ತೀರ್ಥಹಳ್ಳಿ ತಾಲೂಕಿನ ಆರಗದ ಕಡೆಯ ತರುಣರೊಬ್ಬರಿದ್ದಾರೆ, ಶಾಂತವೇರಿ ಗೋಪಾಲಗೌಡರು. ಇನ್ನೂ ಮೂವತ್ತು ತುಂಬಿಲ್ಲ. 1942ರ ಚಳವಳಿಯಲ್ಲೇ ಜೈಲು ಕಂಡವರು.

ಜೂನ್‌ನಲ್ಲಿ ಸೋಷಲಿಸ್ಟ್ ನಾಯಕ ರಾಮಮನೋಹರ ಲೋಹಿಯಾ ಬರುತ್ತಾರೆ. ಅವರನ್ನೂ ಪೊಲೀಸರು ಸಾಗರದ ರೈಲು ನಿಲ್ದಾಣದಲ್ಲಿ ಬಂಧಿಸುತ್ತಾರೆ. ಒಂದು ಊರಿನ ಅಳತೆಯ ತಕರಾರು ದೇಶದ ಸುದ್ದಿಯಾಗುತ್ತದೆ.

ಮಳೆಗಾಲ ಮುಗಿಯಿತು, ಚುನಾವಣೆ ಬಂತು. ದೇಶದ ಮೊದಲ ಮಹಾಚುನಾವಣೆ. ರಾತ್ರಿ ಲಾಟೀನಿನ ಬೆಳಕಲ್ಲಿ ಸಭೆ ಸೇರಿದೆ, ಜಗಲಿಯ ಮೂಲೆಯಲ್ಲಿ ನಿಮಗೂ ಜಾಗ ಸಿಕ್ಕಿದೆ. ಅಭ್ಯರ್ಥಿ ಗೋಪಾಲಗೌಡರು ಬೇಡುತ್ತಿರುವುದು ಎರಡು: ಒಂದು ವೋಟು, ಒಂದು ನೋಟು. ರೂಪಾಯಿ ಕೊಟ್ಟವನು ಓಟು ಮರೆಯುವುದಿಲ್ಲ ಎಂಬ ಲೆಕ್ಕ ಇದ್ದೀತು. ಪಕ್ಷದ ಬಳಿ ಕಾಸಿರಲಿಲ್ಲ ಎಂಬುದಂತೂ ನಿಜ. ಈಗಿನ ಚುನಾವಣೆಗಳಲ್ಲಿ ನೋಟು ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತದೆಂದು ಬಲ್ಲವರಿಗೆ ಇದು ಕಟ್ಟುಕಥೆಯಂತೆ ಕೇಳಿಸಬಹುದು.

ಮತಗಟ್ಟೆಯೊಳಗೆ ಬನ್ನಿ. ಮುದ್ರೆ ಒತ್ತುವ ಕೆಲಸ ಆಗ ಇರಲಿಲ್ಲ. ಮರೆಯ ಹಿಂದೆ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಮೇಲೆ ಗುರುತಿನ ಚಿತ್ರ. ಚೀಟಿ ಯಾರ ಪೆಟ್ಟಿಗೆಗೆ ಬಿತ್ತೋ ಓಟು ಅವರಿಗೆ. ಕಾಂಗ್ರೆಸ್ಸಿನದು ನೊಗ ಹೊತ್ತ ಜೋಡೆತ್ತು, ಸೋಷಲಿಸ್ಟರದು ಮರ. ಜೀವಮಾನವೆಲ್ಲ ಎತ್ತಿನ ಹಿಂದೆ ನಡೆದವನು, ಬೇಸಾಯಕ್ಕಿಳಿದದ್ದಕ್ಕೇ ಜೈಲು ಸೇರಿದವನು, ಈಗ ಎತ್ತಿನ ಚಿತ್ರ ಬಿಟ್ಟು ಮರದ ಪೆಟ್ಟಿಗೆ ಹುಡುಕಬೇಕು. ಸಾಕಷ್ಟು ಜನ ಹುಡುಕಿದರು. ಗೋಪಾಲಗೌಡರು ಶಾಸಕರಾದರು.

ಅದೇ ಚುನಾವಣೆಯಲ್ಲಿ ಶಿವಮೊಗ್ಗದಿಂದ ಕಾಂಗ್ರೆಸ್ ಟಿಕೆಟ್‌ನಲ್ಲಿ ಲೋಕಸಭೆಗೆ ಹೋದವರು ಯಾರು ಗೊತ್ತೆ? ಕಾಗೋಡಿನ ಭೂಮಾಲೀಕ ಕೆ.ಜಿ. ಒಡೆಯರ್. ಗೇಣಿದಾರರ ವಕಾಲತ್ತು ಬೆಂಗಳೂರಿಗೆ, ಒಡೆಯರು ದೆಹಲಿಗೆ. ಪ್ರಜಾಪ್ರಭುತ್ವ ಇಬ್ಬರಿಗೂ ಕುರ್ಚಿ ಹಾಕಿಕೊಟ್ಟಿತು!

1957ರಲ್ಲಿ ಗೌಡರು ಸೋತರು. 1962ರಲ್ಲೂ 1967ರಲ್ಲೂ ತೀರ್ಥಹಳ್ಳಿ ಅವರನ್ನು ಗೆಲ್ಲಿಸಿತು. ವಿಧಾನಸೌಧದ ಪ್ರೇಕ್ಷಕರ ಗ್ಯಾಲರಿಯಿಂದ ಬಗ್ಗಿ ನೋಡಿ: ವಿರೋಧ ಪಕ್ಷದ ಸಾಲಿನಲ್ಲಿ ಎದ್ದು ನಿಂತಿದ್ದಾರೆ. ಇಂಗ್ಲಿಷ್ ದರ್ಬಾರು ನಡೆಸುತ್ತಿದ್ದ ಆ ಕಾಲದಲ್ಲಿ ಅವರ ಸಿಟ್ಟು ಬರುವುದು ಕನ್ನಡದಲ್ಲಿ. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬರಬೇಕು, ಉಳುವವನಿಗೆ ನೆಲ ಸಿಗಬೇಕು. ಹೇಳಿದ್ದನ್ನೇ ಹೇಳುತ್ತಾರೆಂದು ಆಳುವ ಪಕ್ಷದವರು ಆಕಳಿಸಿದ್ದರೆ ಆಶ್ಚರ್ಯವಿಲ್ಲ; ಆಗದ ಕೆಲಸವನ್ನು ಮತ್ತೆ ಮತ್ತೆ ಹೇಳದೆ ಶಾಸಕ ಇನ್ನೇನು ಮಾಡಬೇಕು? ಮಂತ್ರಿಗಿರಿ ಅವರು ಕಾಣಲಿಲ್ಲ. ಸದನದ ಹೊರಗೆ ಕಾವ್ಯದ ಹುಚ್ಚು. ಕವಿ ಗೋಪಾಲಕೃಷ್ಣ ಅಡಿಗರು ಆಪ್ತರು. ಗೌಡರ ಬದುಕಿನ ಛಾಯೆಯಲ್ಲೇ ಲೇಖಕ ಯು.ಆರ್. ಅನಂತಮೂರ್ತಿ ಮುಂದೆ ‘ಅವಸ್ಥೆ’ ಕಾದಂಬರಿ ಬರೆದರು.

ಕಾಯಿಲೆ ಅವರನ್ನು ಐವತ್ತು ದಾಟಲು ಬಿಡಲಿಲ್ಲ. 1972ರ ಜೂನ್ 9ರಂದು ತೀರಿಕೊಂಡರು. ಮರುವರ್ಷ ನವೆಂಬರ್ 1ಕ್ಕೆ ಮೈಸೂರು ರಾಜ್ಯ ಕರ್ನಾಟಕವಾಯಿತು. 1974ರ ಮಾರ್ಚ್ 1ರಿಂದ ಮುಖ್ಯಮಂತ್ರಿ ದೇವರಾಜ ಅರಸರ ಭೂಸುಧಾರಣೆ ಜಾರಿಗೆ ಬಂತು. ಗೇಣಿ ಜಮೀನು ಸರ್ಕಾರಕ್ಕೆ ಸೇರಿತು, ಉಳುವವನು ಅದಕ್ಕೆ ಅರ್ಜಿ ಹಾಕಬೇಕಿತ್ತು.

ತಾಲೂಕು ಕಚೇರಿಯೆದುರು ನಿಂತ ಜನರಲ್ಲಿ ನೀವೂ ಒಬ್ಬರಾಗಿ. ಎಲ್ಲರ ಕೈಯಲ್ಲೂ ಏಳನೇ ನಂಬರಿನ ಫಾರಂ. ಓದುಬರಹ ಬಲ್ಲ ಹುಡುಗನೊಬ್ಬನ ಸುತ್ತ ಗುಂಪು ಕಟ್ಟಿದೆ. ಅವನು ಪೆನ್ನು ಝಾಡಿಸಿ, ಮುಂದೆ ನಿಂತ ಗೇಣಿದಾರನನ್ನು ಕೇಳುತ್ತಾನೆ: “ಸರ್ವೆ ನಂಬರ್ ಹೇಳಿ.”