ಪರವೂರಿನ ಹೋರಿ

ನಮ್ಮ ಸೋದರಮಾವನಿಗೆ ಇಬ್ಬರು ಹೆಣ್ಣುಮಕ್ಕಳು, ಒಂದು ಹೋರಿ. ಈ ಮೂವರಲ್ಲಿ ಅವನ ಅಕ್ಕರೆ ಯಾರ ಮೇಲೆ ಹೆಚ್ಚೆಂದು ಕೇಳುವ ಧೈರ್ಯ ನಮ್ಮ ಅತ್ತೆಗೂ ಇರಲಿಲ್ಲ. ಮನೆಯಲ್ಲಿ ಬೆಲ್ಲಕ್ಕೆ ಕೊರತೆಯಾದರೆ ಮಕ್ಕಳ ಹಾಲು ಸಪ್ಪಗಾಗುತ್ತಿತ್ತೇ ಹೊರತು ಹೋರಿಯ ಹುರುಳಿಗೆ ಬೆಲ್ಲ ತಪ್ಪುತ್ತಿರಲಿಲ್ಲ. ಮಾವನ ಊರು ಹಾನಗಲ್ಲ ತಾಲೂಕಿನಲ್ಲಿ. ನಮ್ಮದು ಸವಣೂರು, ತಂದೆಯವರು ಅಲ್ಲಿ ಸಾಲಿಯ ಮಾಸ್ತರರು. ದೀಪಾವಳಿಯ ಸೂಟಿ ಬಂದಿತೆಂದರೆ ನಾನು ಚೀಲ ಹೆಗಲಿಗೇರಿಸಿ ಮಾವನ ಊರಿಗೆ ಹೊರಟುಬಿಡುತ್ತಿದ್ದೆ. ಸೂಟಿಯಲ್ಲಿ ಓದಲೆಂದು ತಂದೆ ಕಟ್ಟಿಕೊಟ್ಟ ಪುಸ್ತಕಗಳು ಗಂಟು ಬಿಚ್ಚದೆ ಹಾಗೆಯೇ ಹಿಂದಿರುಗುತ್ತಿದ್ದವು.

ಪಟ್ಟಣದ ವಾಚಕರಿಗೆ ಹೋರಿ ಬೆದರಿಸುವ ಆಟದ ಪರಿಚಯವಿರಲಿಕ್ಕಿಲ್ಲ. ಹಾನಗಲ್ಲ, ಹಿರೇಕೆರೂರು, ಸವಣೂರು, ಶಿಗ್ಗಾಂವಿಗಳ ಸೀಮೆಯಲ್ಲಿಯೂ, ಅತ್ತ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಸೊರಬಗಳ ಕಡೆಯೂ ದೀಪಾವಳಿಯ ಪಾಡ್ಯ ಬಂದರೆ ಹೋರಿಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಬೆನ್ನಿಗೆ ಝೂಲ ಹೊದಿಸಿ, ಕೊರಳಿಗೆ ಒಣಕೊಬ್ಬರಿಯ ಸರ ಕಟ್ಟಿ ಓಡಿಸುತ್ತಾರೆ. ಹಾದಿಯ ಎರಡು ಬದಿಗೂ ಜನ. ನಡುವೆ ಹೋರಿ ಗಾಳಿಯಂತೆ ಬರುವಾಗ ಅದರ ಕೊರಳಿಗೆ ಜೋತುಬಿದ್ದು ಕೊಬ್ಬರಿ ಹರಿಯಬೇಕು, ಹರಿದವನು ಗಂಡಸು. ಯಾರ ಕೈಗೂ ಸಿಗದೆ ಗೆರೆ ದಾಟಿದರೆ ಹೋರಿಯೇ ಗಂಡಸು. ಕಾಯಿದೆ ಇಷ್ಟೇ. ಆದರೆ ಈ ಇಷ್ಟೇ ಕಾಯಿದೆಯ ಮೇಲೆ ನಡೆದ ವಾದಗಳನ್ನೆಲ್ಲ ಬರೆದಿಟ್ಟಿದ್ದರೆ ಧಾರವಾಡದ ವಕೀಲರಿಗೆ ಒಂದು ಹೊಸ ಗ್ರಂಥಭಂಡಾರವೇ ಆಗುತ್ತಿತ್ತು.

ಈ ಆಟದಲ್ಲಿ ಹೋರಿ ಯಾವಾಗಲೂ ಪರವೂರಿನದೆ. ತನ್ನ ಊರಿನಲ್ಲಿ ತಾನು ಓಡಿದರೆ ಅದಕ್ಕೇನು ಹೆಚ್ಚಳ? ಹೊರಗೆ ಹೋಗಿ ಗೆದ್ದು ಬರಬೇಕು. ಹೋರಿ ಹೋದಲ್ಲಿಗೆ ಅದರ ಹಿಂದೆ ಊರಿನ ಅರ್ಧ ಹುಡುಗರು, ನಾಲ್ಕು ಹಿರಿಯರು, ಒಂದು ಹಲಗೆಯ ಮೇಳ. ಇವರನ್ನು ಆ ಊರಿನವರು ಹೇಗೆ ಕಾಣಬೇಕು? ಅತಿಥಿಗಳೆಂದೆ, ವೈರಿಗಳೆಂದೆ? ಹಾನಗಲ್ಲಿನವರನ್ನು ಕೇಳಿದರೆ ಇದು ಮಹಾಭಾರತದಷ್ಟು ಹಳೆಯ ಪ್ರಶ್ನೆ. ತಮ್ಮ ಊರೇ ವಿರಾಟನಗರಿ, ಕೌರವರು ದನ ಹಿಡಿಯಲು ಬಂದದ್ದು ಇಲ್ಲಿಗೇ ಎಂದು ಅವರು ಇಂದಿಗೂ ನಂಬಿದ್ದಾರೆ. ಅದು ನಿಜವೋ ಅಲ್ಲವೋ, ದನ ಕಾಯಲು ಕಾದಿ ಸತ್ತವರ ವೀರಗಲ್ಲುಗಳು ನಮ್ಮ ನಾಡಿನ ಊರೂರ ಹೊರಗೆ ನಿಂತಿರುವುದಂತೂ ನಿಜ. ಒಂದು ಕಾಲಕ್ಕೆ ಪರವೂರವರು ನಮ್ಮ ದನಕ್ಕಾಗಿ ಬರುತ್ತಿದ್ದರು, ನಾವು ಕತ್ತಿ ಹಿರಿಯುತ್ತಿದ್ದೆವು; ಈಗ ತಮ್ಮ ದನವನ್ನು ತಾವೇ ಸಿಂಗರಿಸಿ ತರುತ್ತಾರೆ, ನಾವು ಆರತಿ ಎತ್ತುತ್ತೇವೆ. ಸುಧಾರಣೆಯೆಂದರೆ ಇದೇ ಇರಬೇಕು.

1974ರ ದೀಪಾವಳಿಯಲ್ಲಿ ನನಗೆ ಹದಿನಾಲ್ಕು ವರ್ಷ. ಮಾವನ ಹಿರಿಯ ಮಗಳನ್ನು, ನನಗೆ ಅಕ್ಕ, ಹಿರೇಕೆರೂರು ತಾಲೂಕಿನ ಒಂದು ಹಳ್ಳಿಗೆ ಕೊಟ್ಟು ಎರಡು ವರ್ಷವಾಗಿತ್ತು. ಆ ಊರಿನಲ್ಲಿ ಹೋರಿ ಬಿಡುವುದಿದೆ, ಗೆದ್ದ ಹೋರಿಗೆ ಬೆಳ್ಳಿಯ ಕಡಗವಿದೆ ಎಂದು ಬೀಗರಿಂದಲೇ ಹೇಳಿಕೆ ಬಂದಿತು. ಮಾವ ಒಂದು ಕ್ಷಣ ಯೋಚಿಸಿದ. ಬೀಗರ ಊರಿನಲ್ಲಿ ಸೋತರೆ ಅವಮಾನ, ಗೆದ್ದರೆ ಮಗಳಿಗೆ ತೊಂದರೆ. ಆದರೆ ಹೋರಿ ಅಂಗಳದಲ್ಲಿ ನೆಲ ಕೆದರುತ್ತ ನಿಂತಿತ್ತು. "ಹೋಗೂಣು" ಎಂದ.

ಚಕ್ಕಡಿಗಳಲ್ಲಿ ನಾವೊಂದು ಇಪ್ಪತ್ತು ಮಂದಿ. ಹೋರಿ ಮಾತ್ರ ಹಿಂದಿನ ದಿನವೇ ನಡೆದು ಹೊರಟಿತ್ತು, ದಣಿಯಬಾರದೆಂದು ನಡುವೆ ಒಂದು ರಾತ್ರಿ ವಸ್ತಿ. ಊರ ಅಗಸೆಯಲ್ಲಿ ಅಕ್ಕನೇ ಆರತಿ ಹಿಡಿದು ನಿಂತಿದ್ದಳು. ಹೋರಿಯ ಕಾಲಿಗೆ ನೀರು ಹಾಕಿ, ಹಣೆಗೆ ಕುಂಕುಮವಿಟ್ಟಳು. ಅದು ಅವಳ ಕೈ ನೆಕ್ಕಿತು, ತವರಿನ ಪ್ರಾಣಿಯಲ್ಲವೆ? ನಮ್ಮ ಗುಂಪಿಗೆಲ್ಲ ಬೀಗರ ಪಡಸಾಲೆಯಲ್ಲಿ ಎಲೆ ಹಾಕಿದರು. ರೊಟ್ಟಿ, ಝುಣಕ, ಶೇಂಗಾ ಚಟ್ನಿ, ಕೊನೆಗೆ ಹೋಳಿಗೆ. ಭಾವ ತಾನೇ ತುಪ್ಪದ ಗಿಂಡಿ ಹಿಡಿದು ಬಡಿಸಿದ. ನನ್ನ ಹೋಳಿಗೆಯ ಮೇಲೆ ಎರಡು ಸಲ ಸುರಿದ. "ತಿನ್ನು ತಮ್ಮಾ, ಮಧ್ಯಾಹ್ನ ಅಳಾಕ ಶಕ್ತಿ ಬೇಕಲ್ಲ" ಎಂದು ನಕ್ಕ.

ಮಧ್ಯಾಹ್ನ ಅದೇ ಭಾವ ಧೋತರ ಕಚ್ಚೆ ಬಿಗಿದು ಹಾದಿಯ ನಡುವೆ ನಿಂತಿದ್ದ.

ಬೇವಿನ ಮರದ ಬುಡದಲ್ಲಿ ಸುಣ್ಣದ ಗೆರೆ ಎಳೆದಿದ್ದರು. ನಾನು ಮರದ ಬೊಡ್ಡೆಗೆ ಆತು, ಗೆರೆಗೆ ಎಲ್ಲರಿಗಿಂತ ಸಮೀಪ ನಿಂತಿದ್ದೆ. ನಮಗಿಂತ ಮೊದಲು ಶಿಗ್ಗಾಂವಿ ಕಡೆಯ ಒಂದು ಬಿಳಿಯ ಹೋರಿ ಓಡಿತು. ಅರ್ಧ ಹಾದಿಯಲ್ಲಿಯೇ ಅದರ ಕೊಬ್ಬರಿ ಹೋಯಿತು. ಅದರ ಯಜಮಾನ ಮುದುಕ, ಸಪ್ಪೆ ಮುಖ ಮಾಡಿ ಹಗ್ಗ ಹಿಡಿದು ಬರುತ್ತಿದ್ದರೆ ಆ ಊರಿನ ಹೆಂಗಸೊಬ್ಬಳು ಕರೆದು ಮಜ್ಜಿಗೆ ಕೊಟ್ಟಳು. ನಮ್ಮ ಹುಡುಗರು ಮಾತ್ರ ಸಿಳ್ಳು ಹಾಕಿದರು. ಪರವೂರಿನಲ್ಲಿ ನಿಂತು ಇನ್ನೊಬ್ಬ ಪರವೂರಿನವನಿಗೆ ಸಿಳ್ಳು ಹಾಕಬಹುದೆ? ಹಾಕಿದೆವು. ನಾನೂ ಹಾಕಿದೆ.

ಆಮೇಲೆ ಮಾವನ ಹೋರಿ. ಹತ್ತು ಮಂದಿ ಬಿದ್ದರು, ಹತ್ತೂ ಮಂದಿಯನ್ನು ಒದರಿಕೊಂಡು ಬಂತು. ಕಡೆಗೆ ಭಾವನೊಬ್ಬ ಕೊರಳಿಗೆ ಜೋತುಬಿದ್ದ. ಹೋರಿ ಅವನನ್ನೆಳೆದುಕೊಂಡೇ ಮರದ ಕಡೆ ನುಗ್ಗಿತು. ಗೆರೆಯಿಂದ ಎರಡು ಮೊಳ ಈಚೆಗೆ ಟಪ್ಪೆಂದು ಸರ ಹರಿಯಿತು. ಒಂದು ಕೊಬ್ಬರಿ ಬಟ್ಟಲು ಉರುಳಿಬಂದು ನನ್ನ ಕಾಲಿಗೆ ತಾಗಿತು. ಭಾವ ಸರವನ್ನು ಮುಷ್ಟಿಯಲ್ಲಿ ಹಿಡಿದೇ ಉರುಳುತ್ತ ಗೆರೆ ದಾಟಿ ಆಚೆ ಹೋಗಿ ಬಿದ್ದ. ದೂಳು ಅಡಗುವ ಮೊದಲೇ ಎರಡು ಕಡೆಯಿಂದಲೂ ಕೂಗು: ಗೆರೆಯೊಳಗೆ ಎಂದು ಅವರು, ಗೆರೆ ದಾಟಿದ ಮೇಲೆ ಎಂದು ನಾವು.

ಕೈ ಕೈ ಹತ್ತುವುದರಲ್ಲಿತ್ತು. ಆಗ ಆ ಊರಿನ ಹಿರಿಯರೊಬ್ಬರು ಕೋಲೂರಿಕೊಂಡು ನಡುವೆ ಬಂದರು. ತಮ್ಮ ಹುಡುಗರಿಗೇ ಗದರಿಸಿದರು: "ಪರವೂರವರ ಮೈಮ್ಯಾಲೆ ಕೈ ಹೋತಂದ್ರ ನಾಳಿ ನಮ್ಮ ಹೋರಿಗೆ ಯಾವ ಊರಾಗೂ ಅಗಸಿ ತೆರೆಯೂದಿಲ್ಲ, ತಿಳೀತಿಲ್ಲೊ?" ಆಮೇಲೆ ಸುತ್ತ ನೋಡಿದರು. ಗೆರೆಯ ಬಳಿ ಯಾರು ಇದ್ದರು? ನಾನು ಇದ್ದೆ. ಅವರ ಊರಿನ ಹುಡುಗರು ನಾಲ್ಕು ಮಾರು ಹಿಂದೆ ಇದ್ದರು. "ನೀ ಹೇಳು ತಮ್ಮಾ. ಮಾಸ್ತರ ಮಗ ಅದೀ ಅಂತ. ಎಲ್ಲಿ ಹರೀತು?"

ನಾನು ಮಾವನ ಮುಖ ನೋಡಿದೆ. ಹಿಂದೆ ನಿಂತ ನಮ್ಮ ಇಪ್ಪತ್ತು ಮಂದಿಯನ್ನು ನೋಡಿದೆ. ಸಂಜೆ ಅವರೊಡನೆಯೇ ಚಕ್ಕಡಿಯಲ್ಲಿ ಕೂತು ಹೋಗಬೇಕು. "ಗೆರಿ ದಾಟಿದ ಮ್ಯಾಲೆ" ಎಂದೆ.

ಹಿರಿಯರು ಮತ್ತೊಂದು ಮಾತು ಕೇಳಲಿಲ್ಲ. "ಆತು. ಕಡಗ ಹಾನಗಲ್ಲಿಗೆ" ಎಂದರು. ಭಾವ ಅಂಗೈಯ ಸಿಪ್ಪೆ ಕಿತ್ತು ರಕ್ತ ಬರುತ್ತಿದ್ದುದನ್ನು ಧೋತರಕ್ಕೆ ಒರಸಿಕೊಳ್ಳುತ್ತ ನನ್ನನ್ನೇ ನೋಡಿದ. ಸಿಟ್ಟಿನಿಂದಲ್ಲ, ಏನೋ ಲೆಕ್ಕ ತಪ್ಪಿದವನ ಹಾಗೆ.

ಜಗಳವಾಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು, ಅಲ್ಲಿಗೇ ಮುಗಿಯುತ್ತಿತ್ತು. ಮುಂದೆ ಏನಾಯಿತೆಂದರೆ, ಆ ಊರಿನ ಕಟ್ಟೆಯ ಮೇಲೆ ಭಾವನಿಗೊಂದು ಹೆಸರು ಬಿತ್ತು: ಹೆಂಡತಿಯ ತವರಿಗೆ ಕಡಗ ಕೊಟ್ಟವ. ಬೇಕೆಂದೇ ತಡಮಾಡಿ ಹರಿದನೆಂದು ಅವನ ಗೆಳೆಯರೇ ಚೇಷ್ಟೆ ಮಾಡಿದರು. ಚೇಷ್ಟೆ ಒಂದು ತಿಂಗಳು ನಡೆದರೆ ನಗೆ, ಆರು ತಿಂಗಳು ನಡೆದರೆ ಗಾಯ. ಮುಂದಿನ ಶ್ರಾವಣದಲ್ಲಿ ಪಂಚಮಿಗೆ ಅಕ್ಕನನ್ನು ಕರೆತರಲು ಮಾವ ಹೋದ, ಒಬ್ಬನೇ ಬಂದ. ನಮ್ಮ ಕಡೆ ಪಂಚಮಿಗೆ ಹೆಣ್ಣುಮಗಳು ತವರಿಗೆ ಬರಲಿಲ್ಲವೆಂದರೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಗಳದ ಜೋಕಾಲಿಯಲ್ಲಿ ಕಿರಿಯವಳೊಬ್ಬಳೇ ಜೀಕಿದಳು. ಅತ್ತೆ ಶೇಂಗಾದ ಉಂಡಿ, ಎಳ್ಳಿನ ಉಂಡಿ ಕಟ್ಟಿ ಡಬ್ಬಿಯಲ್ಲಿಟ್ಟು, ಯಾರಾದರೂ ಹಿರೇಕೆರೂರಿನ ಕಡೆ ಹೋಗುವವರಿದ್ದಾರೆಯೇ ಎಂದು ಒಂದು ತಿಂಗಳು ವಿಚಾರಿಸಿದಳು. ಕಡಗ ಮಾತ್ರ ಗೂಟಕ್ಕೆ ತೂಗುಹಾಕಿತ್ತು. ನಾನು ಆ ಸಲ ಮಾವನ ಊರಿಗೆ ಹೋದವನು ಎರಡೇ ದಿನಕ್ಕೆ, ಅಭ್ಯಾಸವಿದೆ ಎಂದು ಸುಳ್ಳು ಹೇಳಿ, ಹಿಂದಿರುಗಿದೆ. ಪುಸ್ತಕದ ಗಂಟು ಬಿಚ್ಚಿದ್ದು ಅದೇ ಮೊದಲು.

ಮರುವರ್ಷ ಅಕ್ಕ ಚೊಚ್ಚಿಲ ಬಾಣಂತನಕ್ಕೆ ಬಂದಳು, ಸಂಬಂಧ ಮೆಲ್ಲಗೆ ಹಳಿಗೆ ಬಿತ್ತು. ಮಾವ ಆಮೇಲೆ ಆ ಊರಿಗೆ ಹೋರಿ ಒಯ್ಯಲಿಲ್ಲ.

ನೌಕರಿ ಹಿಡಿದು ಹುಬ್ಬಳ್ಳಿ ಸೇರಿದ ಮೇಲೆ ನನಗೆ ಈ ವಿಷಯ ಮರೆತೇಹೋಯಿತೆಂದು ತಿಳಿದಿದ್ದೆ. ಆದರೆ ಯಾವ ಆಟ ನೋಡಲಿ, ನನ್ನ ಕಣ್ಣು ಆಟಕ್ಕಿಂತ ಮೊದಲು ಪರವೂರಿನವರನ್ನು ಹುಡುಕುತ್ತದೆ. 1999ರ ಜನವರಿ 31ರಂದು ಚೆನ್ನೈನ ಚೆಪಾಕಿನಲ್ಲಿ ಭಾರತ ಹನ್ನೆರಡೇ ಓಟಗಳಿಂದ ಪಾಕಿಸ್ತಾನಕ್ಕೆ ಸೋತಾಗ, ಪ್ರೇಕ್ಷಕರು ಎದ್ದುನಿಂತು ಗೆದ್ದ ಪರದೇಶದವರಿಗೆ ಚಪ್ಪಾಳೆ ತಟ್ಟಿದರಲ್ಲ, ದೂರದರ್ಶನದ ಮುಂದೆ ಕುಳಿತ ನನಗೆ ನೆನಪಾದದ್ದು ಮಜ್ಜಿಗೆ ಕೊಟ್ಟ ಆ ಹೆಂಗಸು. 2019ರಲ್ಲಿ ಮಗ ನನ್ನನ್ನು ಚಿಕಾಗೋಕ್ಕೆ ಕರೆಸಿಕೊಂಡಿದ್ದ. 1914ರಲ್ಲಿ ಕಟ್ಟಿದ ರಿಗ್ಲಿ ಫೀಲ್ಡ್ ಎಂಬ ಬೇಸ್‌ಬಾಲ್ ಮೈದಾನಕ್ಕೆ ಒಯ್ದ. ಹೊರಗಿನಿಂದ ಬಂದ ತಂಡದವನು ಚೆಂಡನ್ನು ಪ್ರೇಕ್ಷಕರ ನಡುವೆ ಹೊಡೆದರೆ, ಸಿಕ್ಕವನು ಅದನ್ನು ಇಟ್ಟುಕೊಳ್ಳುವ ಹಾಗಿಲ್ಲವಂತೆ. ತಿರುಗಿ ಮೈದಾನಕ್ಕೆ ಎಸೆ ಎಂದು ಸುತ್ತಲಿನವರೆಲ್ಲ ಕೂಗುತ್ತಾರೆ. ಪರವೂರಿನವನ ಚೆಂಡು ನಮಗೇಕೆ ಎಂಬ ಬಿಗುಮಾನ! ನಮ್ಮಲ್ಲಿ ಪರವೂರಿನ ಹೋರಿಯ ಕೊಬ್ಬರಿಯನ್ನು ಯಾರೂ ತಿರುಗಿ ಎಸೆಯುವುದಿಲ್ಲ. ಮನೆಗೊಯ್ದು ದೇವರ ಮುಂದಿಟ್ಟು ತಿನ್ನುತ್ತಾರೆ. ಅಂದು ಆ ದೊಡ್ಡ ಗದ್ದಲದ ನಡುವೆ, ನನ್ನ ಕಾಲಿಗೆ ತಾಗಿದ ಕೊಬ್ಬರಿ ಬಟ್ಟಲನ್ನು ನಾನು ಏನು ಮಾಡಿದೆನೆಂದು ನೆನಪಿಸಿಕೊಳ್ಳಲು ಯತ್ನಿಸಿದೆ. ಸಂಜೆ ಚಕ್ಕಡಿಯಲ್ಲಿ ತಿಂದಿದ್ದೆ.

2024ರ ದೀಪಾವಳಿಯ ನಂತರ ಅಕ್ಕನ ಊರಿಗೆ ಹೋದೆ. ಮಾವ, ಅತ್ತೆ ಇಬ್ಬರೂ ಈಗಿಲ್ಲ. ಧಾರವಾಡ ಜಿಲ್ಲೆ ಒಡೆದು ಹಾವೇರಿ ಜಿಲ್ಲೆಯಾದದ್ದೇ 1997ರಲ್ಲಿ. ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ಜಲ್ಲಿಕಟ್ಟನ್ನು ನಿಲ್ಲಿಸಿದಾಗ ನಮ್ಮ ಕಡೆಯೂ ಎದೆ ನಡುಗಿತ್ತು. 2023ರ ಮೇ 18ರಂದು ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕಗಳ ತಿದ್ದುಪಡಿಗಳನ್ನು ಅದೇ ನ್ಯಾಯಾಲಯ ಒಪ್ಪಿದ ಮೇಲೆ ನಿಟ್ಟುಸಿರು. ತಿವಿತಕ್ಕೆ ಸಿಕ್ಕು ಜನ ಸಾಯುವುದು ಇನ್ನೂ ನಿಂತಿಲ್ಲ, ಅದನ್ನು ಹೇಳದಿದ್ದರೆ ತಪ್ಪಾದೀತು. ಈಗ ಹೋರಿಗಳು ವಾಹನದಲ್ಲಿ ಬರುತ್ತವೆ, ಕೊಂಬಿನ ಮೇಲೆ ಬಲೂನಿನ ಗೋಪುರ. ಅಭಿಮಾನಿಗಳ ಅಂಗಿಯ ಬೆನ್ನ ಮೇಲೆ ಹೋರಿಯದೇ ಚಿತ್ರ. ಬಹುಮಾನಕ್ಕೆ ಮೋಟಾರ್ ಸೈಕಲ್ಲು. ಗೆರೆಯ ತಕರಾರು ಬಂದರೆ ಹತ್ತು ಮೊಬೈಲುಗಳನ್ನು ಒಟ್ಟಿಗೆ ಹಿಡಿದು ನೋಡುತ್ತಾರೆ. ಪರವೂರ ಹುಡುಗನ ಮಾತನ್ನು ಯಾರೂ ಕೇಳುವುದಿಲ್ಲ. ಒಳ್ಳೆಯದೇ ಆಯಿತೆನ್ನಲೆ? ನನ್ನಿಂದ ಆಗದು.

ಅಡಿಗೆಮನೆಯ ಹೊಸ್ತಿಲ ಮೇಲೆ ಕೂತು ಅಕ್ಕನಿಗೆ ಎಲ್ಲವನ್ನೂ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಆ ವರ್ಷದ ಉಂಡಿಗೆ ಇರುವಿ ಹತ್ತಿದ್ವಂತ. ಅವ್ವ ಸಾಯೂತನಕ ಹೇಳ್ತಿದ್ಳು" ಎಂದಳು. ಮತ್ತೆ, "ಅವರ ಮುಂದ ಬಾಯಿ ಬಿಡಬ್ಯಾಡ. ಐವತ್ತು ವರ್ಷ ಆತು, ಇನ್ನೂ ಆ ಮಾತು ಬಂದ್ರ ಊಟ ಬಿಡ್ತಾರ."

ಮಧ್ಯಾಹ್ನ ಭಾವನೊಡನೆ ಅಖಾಡಕ್ಕೆ ಹೋದೆ. ಎಪ್ಪತ್ತೈದು ದಾಟಿದ ಮನುಷ್ಯ. ಊರವರು ಅವನಿಗೆ ನೀರಿನ ಉಸ್ತುವಾರಿ ಕೊಟ್ಟಿದ್ದಾರೆ. ಹಾನಗಲ್ಲಿನ ಹುಡುಗರು, ಶಿಗ್ಗಾಂವಿಯ ಹುಡುಗರು, ಸವಣೂರಿನವರು, ಯಾರು ಬಂದರೂ ಮೊದಲು ಲೋಟ, ಆಮೇಲೆ ಮಾತು. "ಪಲಾವು ಆಗೇತಿ, ಉಂಡು ನಿಂದರ್ರಿ" ಎಂದು ಪ್ರತಿಯೊಂದು ಗುಂಪಿಗೂ ಹೇಳುತ್ತಿದ್ದ. ಬೇವಿನ ಮರ ಯಾವಾಗಲೋ ಹೋಗಿದೆ. ಜನ ಸ್ವಲ್ಪ ಕಡಿಮೆಯಾದಾಗ ಭಾವ ಕೋಲಿನಿಂದ ನೆಲದ ಮೇಲೆ ಒಂದು ಗೀರು ಎಳೆದ.

"ಗಿಡ ಇಲ್ಲಿತ್ತು ನೋಡು. ಗೆರಿ ಇಲ್ಲೇ ಹಾಕಿದ್ರು." ಆಮೇಲೆ ಎರಡು ಮೊಳ ಹಿಂದಕ್ಕೆ ಸರಿದು ಕೋಲು ಊರಿದ. "ನಾ ಹರಿದಿದ್ದು ಇಲ್ಲಿ."

"ಹೌದು ಭಾವಾ," ಎಂದೆ. "ಅಲ್ಲೇ."

ಅವನು ನನ್ನತ್ತ ನೋಡಲಿಲ್ಲ. ಕೋಲಿನ ತುದಿಯಿಂದ ಅಲ್ಲಿಯೇ ಮಣ್ಣನ್ನು ಒಂದೆರಡು ಸಲ ಕುಟ್ಟಿದ. ಅಷ್ಟರಲ್ಲಿ ಹಾನಗಲ್ಲಿನ ಹೋರಿ ಬರುತ್ತದೆಂದು ಮೈಕಿನಲ್ಲಿ ಕೂಗಿದರು. ಭಾವ ನನ್ನ ತೋಳು ಹಿಡಿದು ಹಾದಿಯಿಂದ ಬದಿಗೆಳೆದ.

"ಈ ಕಡೆ ಬಾರೋ," ಎಂದ. "ನಿಮ್ಮೂರ ಹೋರಿ ಹಾಯ್ದೀತು."