ಅಪ್ಪನ ಬಂದೂಕಿನ ಊರು

ಪುಣೆಯ ಮಗರಪಟ್ಟಾಕ್ಕೆ ಬಂದು ಆರು ವರ್ಷವಾಯಿತು. ಮಗನ ಕಚೇರಿ ಇಲ್ಲೇ ಹಡಪಸರದ ಮಗ್ಗುಲಲ್ಲಿ, ನಮ್ಮದು ಎಂಟನೇ ಮಹಡಿ. ಊರಿಂದ ಫೋನು ಮಾಡಿದವರೆಲ್ಲ ಕೇಳುವುದು ಒಂದೇ ಪ್ರಶ್ನೆ, ‘ಅಲ್ಲಿ ಹೊತ್ತು ಹೆಂಗ ಹೋಗ್ತದ್ರೀ?’ ಹೊತ್ತು ಚೆನ್ನಾಗಿಯೇ ಹೋಗುತ್ತದೆ. ಮೂವತ್ತೈದು ವರ್ಷ ಬೇರೆಯವರ ಲೆಕ್ಕ ನೋಡಿದವನಿಗೆ ತನ್ನ ಮನೆಯ ಲೆಕ್ಕ ನೋಡಲು ಈಗ ಪುರುಸೊತ್ತು ಸಿಕ್ಕಿದೆ. ಧಾರವಾಡದ ಮನೆ ಖಾಲಿ ಮಾಡುವಾಗ ತಂದ ಟ್ರಂಕಿನಲ್ಲಿ ಅಪ್ಪನ ಹನ್ನೊಂದು ಡೈರಿಗಳಿದ್ದವು. ಅಪ್ಪ ಜಿಲ್ಲಾ ಸಶಸ್ತ್ರ ಮೀಸಲು ಪಡೆಯಲ್ಲಿ ಪೇದೆಯಾಗಿದ್ದು, ಹವಾಲ್ದಾರನಾಗಿ ನಿವೃತ್ತನಾದವ. ಸೇರಿದಾಗ ಧಾರವಾಡ ಮುಂಬಯಿ ರಾಜ್ಯದಲ್ಲಿತ್ತು. 1956ರಲ್ಲಿ ಮೈಸೂರಿನವನಾದ, 1973ರಲ್ಲಿ ಕರ್ನಾಟಕದವನಾದ. ಪರೇಡ್ ಮೈದಾನ ಮಾತ್ರ ಅದೇ.

1967ರ ಡೈರಿಯ ಮೊದಲ ಪುಟದಲ್ಲಿ ಒಂದು ಚಿತ್ರ. ಮೇಲೆ ಕಿರೀಟ, ಅದರ ಕೆಳಗೆ ಇಂಗ್ಲಿಷಿನಲ್ಲಿ ಜಿ.ಆರ್.ಐ., ಆಮೇಲೆ ಇಶಾಪುರ, 1942, ಎಸ್.ಎಚ್.ಟಿ. ಎಲ್.ಇ., ಕೊನೆಗೆ ಮೂರು ಗೀಟು ಮತ್ತು ಒಂದು ನಕ್ಷತ್ರ. ಅಪ್ಪನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಹೂವು ಬಳ್ಳಿ ಬರೆದ ಹಾಗೆ ಅಕ್ಷರಗಳನ್ನು ಬಿಡಿಸಿದ್ದ. ಪಕ್ಕದಲ್ಲಿ ಕನ್ನಡದಲ್ಲಿ, ‘ಇಂದು ಹೊಸ ಬಂದೂಕು ಕೊಟ್ಟರು’.

ಹೊಸದು! 1942ರದ್ದು 1967ರಲ್ಲಿ ಹೊಸದು ಹೇಗಾಯಿತು?

ನಮ್ಮ ಕಟ್ಟಡದಲ್ಲೇ ಒಬ್ಬ ಮರಾಠಿ ಹಿರಿಯರಿದ್ದಾರೆ, ಸರಕಾರದ ಶಸ್ತ್ರಾಸ್ತ್ರ ತಪಾಸಣೆಯ ಕೆಲಸದಲ್ಲಿ ಆಯುಷ್ಯ ಕಳೆದವರು. ಪುಣೆಯಲ್ಲಿ ಅಂಥವರು ಹೇರಳ. ಖಡ್ಕಿಯಲ್ಲಿ 1869ರಿಂದ ಮದ್ದುಗುಂಡಿನ ಕಾರ್ಖಾನೆ ಇದೆ, ಪಾಷಾಣದಲ್ಲಿ ನಮ್ಮ ಸೈನ್ಯದ ಇನ್ಸಾಸ್ ರೈಫಲ್ಲನ್ನು ರೂಪಿಸಿದ ಸಂಶೋಧನಾ ಸಂಸ್ಥೆ ಇದೆ. ಡೈರಿ ತೋರಿಸಿದೆ. ಕನ್ನಡಕ ಏರಿಸಿ ನೋಡಿದವರೇ, ‘ಸಾಹೇಬ, ಇದು ಚಿತ್ರವಲ್ಲ, ಜನ್ಮಪತ್ರಿಕೆ’ ಅಂದರು.

ಅವರು ಓದಿ ಹೇಳಿದ್ದನ್ನು ನಾನು ಬ್ಯಾಂಕಿನವನ ಬುದ್ಧಿಯಿಂದ ಅರ್ಥ ಮಾಡಿಕೊಂಡೆ. ಹಿಡಿಕೆಯ ಹಿಂದೆ, ಮರದ ಕುಂದವನ್ನು ಸಿಕ್ಕಿಸುವ ಕಡೆ, ಒಂದು ಉಕ್ಕಿನ ಪಟ್ಟಿ ಇರುತ್ತದೆ. ಅದೇ ಬಂದೂಕಿನ ಪಾಸ್‌ಬುಕ್ಕಿನ ಮೊದಲ ಪುಟ. ಜಿ.ಆರ್.ಐ. ಅಂದರೆ ದೊರೆಯೂ ಚಕ್ರವರ್ತಿಯೂ ಆದ ಜಾರ್ಜ್, ಲ್ಯಾಟಿನ್ನಿನಲ್ಲಿ. ಎಲ್.ಇ. ಅಂದರೆ ಲೀ ಎನ್‌ಫೀಲ್ಡ್. ಜೇಮ್ಸ್ ಪ್ಯಾರಿಸ್ ಲೀ ಎಂಬಾತ ರೂಪಿಸಿದ ಬೋಲ್ಟು, ಇಂಗ್ಲೆಂಡಿನ ಎನ್‌ಫೀಲ್ಡ್ ಕಾರ್ಖಾನೆಯ ನಳಿಗೆ, ಎರಡೂ ಸೇರಿ ನಮ್ಮ ‘ತ್ರೀ ನಾಟ್ ತ್ರೀ’. ಹತ್ತು ಗುಂಡಿನ ಮ್ಯಾಗಝೀನು, ನಾಲ್ಕು ಕಿಲೋ ಹತ್ತಿರದ ಭಾರ. ಈ ಬಂದೂಕು ಹುಟ್ಟಿದ ಊರು ಒಂದೇ ಅಲ್ಲ. ಎನ್‌ಫೀಲ್ಡ್, ಬರ್ಮಿಂಗ್‌ಹ್ಯಾಮಿನ ಬಿ.ಎಸ್.ಎ., ಆಸ್ಟ್ರೇಲಿಯಾದ ಲಿತ್‌ಗೋ, ಕೆನಡಾದ ಲಾಂಗ್ ಬ್ರಾಂಚ್. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸ್ಯಾವೇಜ್ ಕಂಪನಿ ಕೂಡ ಮಾಡಿ ‘ಅಮೆರಿಕದ ಆಸ್ತಿ’ ಅಂತ ಮುದ್ರೆ ಒತ್ತಿ ಬ್ರಿಟಿಷರಿಗೆ ಕೊಟ್ಟಿತು. ನಮ್ಮ ದೇಶದಲ್ಲಿ ಮಾತ್ರ ಆಗ ಒಂದೇ ಕಾರ್ಖಾನೆ, ಕಲಕತ್ತೆಯ ಉತ್ತರಕ್ಕೆ ಹೂಗ್ಲಿ ದಂಡೆಯ ಇಶಾಪುರ, 1904ರಲ್ಲಿ ಶುರುವಾದದ್ದು. 1857ರಲ್ಲಿ ಮಂಗಲ ಪಾಂಡೆ ಎದ್ದು ನಿಂತದ್ದು ಅದರ ಪಕ್ಕದ ಬ್ಯಾರಕ್‌ಪುರದಲ್ಲೇ, ಕಾರಣವೂ ಎನ್‌ಫೀಲ್ಡ್ ಬಂದೂಕಿನ ತೋಟಾ.

ಬಿ.ಎಸ್.ಎ. ಅಂದಾಗ ನನಗೆ ನಗು ಬಂತು. ನಮ್ಮ ಕಾಲದವರಿಗೆಲ್ಲ ಅದು ಸೈಕಲ್ಲು. ಅದರ ಲಾಂಛನದಲ್ಲಿ ಮೂರು ಬಂದೂಕು ಒಂದಕ್ಕೊಂದು ಆನಿಸಿ ನಿಲ್ಲಿಸಿದ್ದನ್ನು ಎಷ್ಟು ಸಲ ಒರೆಸಿದ್ದೇನೋ! ಬುಲೆಟ್ ಗಾಡಿಯ ಹೆಸರಿನಲ್ಲಿರುವ ಎನ್‌ಫೀಲ್ಡೂ ಅದೇ ಊರು. ಇನ್ನು ಎಸ್.ಎಲ್.ಆರ್. ಅಂತ ಅವರು ಅಂದಾಗಲೆಲ್ಲ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ರಿಸರ್ವ್ ಬ್ಯಾಂಕಿಗೆ ಕಳಿಸುತ್ತಿದ್ದ ತಃಖ್ತೆ. ಅವರು ಹೇಳುತ್ತಿದ್ದದ್ದು ತಾನಾಗಿ ಗುಂಡು ತುಂಬಿಕೊಳ್ಳುವ ರೈಫಲ್ಲು.

‘ಹೊಸ ಬಂದೂಕಿ’ನ ಗುಟ್ಟು ಇರುವುದು ಅಲ್ಲೇ. 1962ರ ಚೀನಾ ಯುದ್ಧದಲ್ಲಿ ನಮ್ಮ ಜವಾನರ ಕೈಯಲ್ಲಿದ್ದದ್ದು ಈ ತ್ರೀ ನಾಟ್ ತ್ರೀಯೇ. ಆ ಪೆಟ್ಟು ತಿಂದ ಮೇಲೆ ಇಶಾಪುರದಲ್ಲಿ ಎಸ್.ಎಲ್.ಆರ್. ತಯಾರಾಗತೊಡಗಿತು, ಹಳೆಯದೇ ಮಾದರಿಯಲ್ಲಿ 7.62 ಮಿ.ಮೀ. ಗುಂಡಿನ 2ಎ, 2ಎ1 ಎಂಬುವೂ ಬಂದವು. ಸೈನ್ಯಕ್ಕೆ ಹೆಚ್ಚಾದ ಹಳೆಯವು ಪೊಲೀಸರಿಗೆ, ಹೋಮ್‌ಗಾರ್ಡಿಗೆ, ಎನ್.ಸಿ.ಸಿ.ಗೆ ಇಳಿದವು, ಅಣ್ಣನ ಅಂಗಿ ತಮ್ಮನಿಗೆ ಬಂದ ಹಾಗೆ. ಅಲ್ಲಿಯವರೆಗೆ ಅಪ್ಪನ ಕೈಯಲ್ಲಿದ್ದದ್ದು .410 ಮಸ್ಕೆಟ್ಟು. ಅದೂ ಇಶಾಪುರದ್ದೇ, ತ್ರೀ ನಾಟ್ ತ್ರೀಯ ನಳಿಗೆ ನುಣುಪು ಮಾಡಿ, ಒಮ್ಮೆಗೆ ಒಂದೇ ಗುಂಡು ಹಿಡಿಯುವಂತೆ ಮಾಡಿದ್ದು. ಕದ್ದೊಯ್ದರೂ ಸೈನ್ಯದ ತೋಟಾ ಅದಕ್ಕೆ ಹೊಂದಬಾರದು ಅಂತ ಬ್ರಿಟಿಷರ ಲೆಕ್ಕಾಚಾರ. ಪೇದೆಯನ್ನು ಅವರು ಎಷ್ಟು ನಂಬಿದ್ದರು ಎಂಬುದು ಇದರಲ್ಲೇ ತಿಳಿಯುತ್ತದೆ. ಅದಕ್ಕೇ ಅಪ್ಪನಿಗೆ 1967ರ ದಿನ ಅಷ್ಟು ಸಂಭ್ರಮ.

ಇನ್ನೊಂದು ಮಾತು ನನಗೆ ಬಹಳ ಹಿಡಿಸಿತು. ಬಂದೂಕಿನ ಒಂದೇ ನಂಬರನ್ನು ದೇಹದ ಮೇಲೆ, ಬೋಲ್ಟಿನ ಮೇಲೆ, ನಳಿಗೆಯ ಮೇಲೆ, ಮುಂಭಾಗದ ಟೋಪಿಯ ಮೇಲೆ ಒತ್ತಿರುತ್ತಾರಂತೆ. ಬೋಲ್ಟನ್ನು ಆ ಬಂದೂಕಿಗೇ ಕೈಯಾರೆ ಹೊಂದಿಸಿರುವುದರಿಂದ ಅದಲು ಬದಲು ಮಾಡುವ ಹಾಗಿಲ್ಲ. ಎಲ್ಲ ನಂಬರು ತಾಳೆಯಾದರೆ ಅದು ಹುಟ್ಟಿದಾಗಿನ ಮೈ. ತಾಳೆಯಾಗದಿದ್ದರೆ ಎಲ್ಲೋ ಬಿಚ್ಚಿ ಕಟ್ಟಿದ್ದಾರೆ. ಪೂರ್ತಿ ದುರಸ್ತಿಯಾದದ್ದಕ್ಕೆ ಎಫ್.ಟಿ.ಆರ್. ಎಂಬ ಮುದ್ರೆ. ಭಾರತದಲ್ಲಿ ಕೈ ಆಡಿದ್ದಕ್ಕೆ ಮುಂಗಟ್ಟಿನ ಮರದಲ್ಲಿ ಅಡ್ಡಲಾಗಿ ಒಂದು ತಿರುಪು. ಅದಕ್ಕೆ ಪರದೇಶದ ಸಂಗ್ರಾಹಕರು ‘ಇಶಾಪುರ ಸ್ಕ್ರೂ’ ಅಂತಲೇ ಕರೆಯುತ್ತಾರಂತೆ! ನಮ್ಮ ಪೊಲೀಸರಿಗೂ ಬೇಡವಾದ ಇಶಾಪುರದ ಬಂದೂಕುಗಳು ಹಡಗು ಹತ್ತಿ ಅಮೆರಿಕದ ಅಂಗಡಿಗಳಲ್ಲಿ ಹವ್ಯಾಸಿಗಳಿಗೆ ಮಾರಾಟವಾಗಿವೆ. ಇಲ್ಲಿ ಮಾತ್ರ ಸಾಮಾನ್ಯ ಮನುಷ್ಯ ತ್ರೀ ನಾಟ್ ತ್ರೀ ಇಡುವಂತಿಲ್ಲ, ಅದು ಕಾನೂನಿನಲ್ಲಿ ನಿಷಿದ್ಧ ಬೋರು. ನಾಗರಿಕರಿಗಾಗಿ ಅದೇ ಬೋಲ್ಟಿನ .315 ರೈಫಲ್ಲನ್ನು ಇಶಾಪುರ ಮಾಡಿತು, ಸೈನ್ಯದ ತೋಟಾ ಅದಕ್ಕೆ ಕೂಡದ ಹಾಗೆ.

ಹಿರಿಯರು ಡೈರಿ ಮಡಚಿ, ‘ನಿಮ್ಮ ತಂದೆಯ ಬಂದೂಕು ಬರ್ಮಾಕ್ಕೆ ಹೋಗಿತ್ತೋ, ಡಿಪೋದಲ್ಲೇ ಗ್ರೀಸು ತಿನ್ನುತ್ತಾ ಕೂತಿತ್ತೋ, ಅದನ್ನು ಈ ಮುದ್ರೆ ಹೇಳುವುದಿಲ್ಲ. ಎಲ್ಲಿ ಹುಟ್ಟಿತು ಅಂತ ಮಾತ್ರ ಹೇಳುತ್ತದೆ’ ಅಂದರು.

ನನಗೆ ಬೇಕಾಗಿದ್ದದ್ದು ಬರ್ಮಾ ಅಲ್ಲ, ನವಲಗುಂದ. ಅದನ್ನು ಅವರಿಗೆ ಹೇಳಲಿಲ್ಲ.

1980ರ ಜುಲೈ. ಮಲಪ್ರಭಾ ಅಚ್ಚುಕಟ್ಟಿನ ರೈತರು ಸುಧಾರಣಾ ಕರದ ವಿರುದ್ಧ ಎದ್ದಿದ್ದರು. 21ನೇ ತಾರೀಖು ನರಗುಂದ, ನವಲಗುಂದಗಳಲ್ಲಿ ಗೋಲಿಬಾರಾಯಿತು. ರೈತರೂ ಸತ್ತರು, ಪೊಲೀಸರೂ ಸತ್ತರು. ನಾನಾಗ ಧಾರವಾಡದಲ್ಲಿ ಬಿ.ಕಾಂ. ಓದುತ್ತಿದ್ದೆ. ಅಪ್ಪ ನವಲಗುಂದ ಬಂದೋಬಸ್ತಿಗೆ ಹೋದವ ನಾಲ್ಕು ದಿನ ಬರಲಿಲ್ಲ. ಬಂದ ಮೇಲೆ ಸ್ನಾನ ಮಾಡಿ ಕತ್ತಲೆ ಕೋಣೆಯಲ್ಲಿ ಕೂತ. ಅವ್ವ ತಾಟು ಇಟ್ಟು, ‘ಏಳ್ರಿ, ಎರಡು ತುತ್ತು ಉಣ್ರಿ’ ಅಂದಳು. ‘ರೊಟ್ಟಿ ಅವರದ ಜ್ವಾಳದ್ದು’ ಅಂದ, ಅಷ್ಟೇ. ನಾವು ನವಲಗುಂದದ ಕಡೆಯಿಂದಲೇ ಜೋಳ ತರಿಸುತ್ತಿದ್ದೆವು. ನನ್ನ ಸೋದರಮಾವಂದಿರೂ ಆ ಸೀಮೆಯ ಒಕ್ಕಲಿಗರೇ. ಅಪ್ಪನನ್ನು ಯಾರೂ ಏನೂ ಕೇಳಲಿಲ್ಲ. ಆಮೇಲೆ ಕಾಲೇಜಿನಲ್ಲಿ ಗೆಳೆಯರು ಸತ್ತ ರೈತರ ಮಾತು ತೆಗೆದರೆ ನಾನು ಎದ್ದು ಹೋಗುತ್ತಿದ್ದೆ. ಅಪ್ಪ 1999ರಲ್ಲಿ ತೀರಿಕೊಂಡ.

ಆ ವರ್ಷದ ಡೈರಿಯನ್ನು ನಾನು ಕಟ್ಟಕಡೆಗೆ ತೆರೆದೆ. ಜುಲೈ 20: ‘ಗುಂಡು ಪಡೆದದ್ದು 20’. ಮುಂದೆ ಮೂರು ಪುಟ ಖಾಲಿ. ಜುಲೈ 24: ‘ಒಪ್ಪಿಸಿದ್ದು 20’. ಕೆಳಗೆ ಬಂದೂಕಿನ ನಂಬರು, 1967ರ ಪುಟದಲ್ಲಿದ್ದದ್ದೇ.

ಇದನ್ನು ಓದಿದ ಮಗ ಸಮಾಧಾನ ಪಡಬೇಕು. ಪಟ್ಟೆ ಕೂಡ. ಆದರೆ ನಾಲ್ಕಾರು ಶಾಖೆ ತಪಾಸಣೆ ಮಾಡಿದ ಮನುಷ್ಯ ಒಳಗೆ ಕೂತಿರುತ್ತಾನಲ್ಲ, ಅವನು ಸುಮ್ಮನಿರುವುದಿಲ್ಲ. ಇದು ಖಾತೆದಾರ ತಾನೇ ಬರೆದುಕೊಂಡ ಲೆಕ್ಕ. ಎದುರು ಸಹಿ ಎಲ್ಲಿ? ಶಸ್ತ್ರಾಗಾರದ ರಿಜಿಸ್ಟರು ಎಲ್ಲಿ? ಇನ್ನೊಂದೂ ಹೊಳೆಯಿತು. ಉಳಿದ ಹತ್ತು ಡೈರಿಗಳಲ್ಲಿ, ಎಷ್ಟೋ ಬಂದೋಬಸ್ತು, ಎಷ್ಟೋ ಚುನಾವಣೆ ಬಂದು ಹೋದರೂ, ಗುಂಡಿನ ಲೆಕ್ಕ ಬರೆದದ್ದು ಈ ಒಂದು ಸಲ ಮಾತ್ರ. ಯಾರಿಗೆ ತೋರಿಸಲಿಕ್ಕೆ ಬರೆದ? ನನಗೇ ಇರಬಹುದೇ?

ನಾನಿರುವ ಈ ಮಗರಪಟ್ಟಾ ಕೂಡ ರೈತರ ಹೊಲವೇ. ನೂರಕ್ಕೂ ಹೆಚ್ಚು ಕುಟುಂಬಗಳು ಸುಮಾರು 400 ಎಕರೆಯನ್ನು ಒಟ್ಟು ಹಾಕಿ, ಬಿಲ್ಡರರಿಗೆ ಮಾರಿಬಿಡದೆ, ತಾವೇ ಪಾಲುದಾರರಾಗಿ ಕಟ್ಟಿದ ಊರು. ಬ್ಯಾಂಕಿನವನಾಗಿ ಅದರ ಲೆಕ್ಕ ನನಗೆ ಬಹಳ ಮೆಚ್ಚುಗೆ. ಸಂಜೆ ತೋಟದಲ್ಲಿ ಬಿಳಿ ಟೋಪಿಯ ಮುದುಕರನ್ನು ಕಂಡಾಗ ಮಾತ್ರ ಸೋದರಮಾವಂದಿರ ನೆನಪಾಗುತ್ತದೆ.

ತ್ರೀ ನಾಟ್ ತ್ರೀಯ ಕಾಲ ಮುಗಿಯಿತು. 2008ರ ನವೆಂಬರದಲ್ಲಿ ಮುಂಬಯಿ ರೈಲು ನಿಲ್ದಾಣದಲ್ಲಿ ಪೊಲೀಸರು ಅದನ್ನು ಹಿಡಿದು ಎ.ಕೆ. ಬಂದೂಕಿನ ಎದುರು ನಿಂತದ್ದನ್ನು ದೇಶವೇ ನೋಡಿತು. ಉತ್ತರ ಪ್ರದೇಶದ ಪೊಲೀಸರು 2020ರ ಗಣರಾಜ್ಯೋತ್ಸವದ ಪರೇಡಿನಲ್ಲಿ ಅದಕ್ಕೆ ಬೀಳ್ಕೊಡುಗೆ ಕೊಟ್ಟರು. ಇಶಾಪುರದ ಕಾರ್ಖಾನೆಯೂ 2021ರ ಅಕ್ಟೋಬರದಲ್ಲಿ ಹೊಸ ಸರಕಾರಿ ಕಂಪನಿಯೊಂದರ ಪಾಲಾಯಿತು. ಅಪ್ಪನದು ಕುಲುಮೆಗೆ ಹೋಯಿತೋ, ಯಾವ ದೇಶದ ಗೋಡೆಯ ಮೇಲಿದೆಯೋ. ನಂಬರು ನನ್ನ ಹತ್ತಿರ ಇದೆ, ಕೇಳುವವರು ಇದ್ದರೆ ಹೇಳಿಯೇನು.

ಜನವರಿಗೆ ಆಜಾದ್ ಹಿಂದ್ ಎಕ್ಸ್‌ಪ್ರೆಸ್ಸಿನಲ್ಲಿ ಹಾವಡಾಕ್ಕೆ ಎರಡು ಬರ್ತು ಕಾಯ್ದಿರಿಸಿದ್ದೇನೆ. ಸಿಯಾಲದಾದಿಂದ ಲೋಕಲ್ ಹಿಡಿದರೆ ಬ್ಯಾರಕ್‌ಪುರ ದಾಟಿ ಎರಡನೇ ಸ್ಟೇಷನ್ನೇ ಇಶಾಪುರ. ಒಳಗೆ ಬಿಡುವುದಿಲ್ಲ, ಗೊತ್ತು. ಗೇಟಿನ ಹೊರಗೆ ಒಂದು ಚಹಾ ಕುಡಿದು ಬಂದರಾಯಿತು. ಹೆಂಡತಿ ಒಪ್ಪಿದ್ದಾಳೆ, ದಕ್ಷಿಣೇಶ್ವರ ಮೊದಲು, ಬಂದೂಕು ಆಮೇಲೆ ಎಂಬ ಕರಾರಿನ ಮೇಲೆ.