ಹಳದಿ ತಂತಿಗೆ ಹಸಿರು ಬಾಯಿ

ನಮ್ಮ ಕಾಸರಗೋಡಿನ ಕನ್ನಡ ಶಾಲೆಯ ಮಕ್ಕಳು ಯಂತ್ರದ ವಿಷಯ ಬಂತೆಂದರೆ ಮಲಯಾಳಕ್ಕೆ ಹೊರಳುತ್ತಾರೆ. ಮೊನ್ನೆ ಏಳನೆಯ ತರಗತಿಯ ಹುಡುಗನೊಬ್ಬ ಹಳೆಯ ವಿಡಿಯೋ ಗೇಮ್ ತಂದು ಶಾಲೆಯ ಟಿ.ವಿ.ಗೆ ಸಿಕ್ಕಿಸಿದ. "ಮಾಷ್ಟ್ರೇ, ಕಲರ್ ಬರುವುದಿಲ್ಲ!"

ಕೆಂಪು ಬಲಗಡೆಯ ಶಬ್ದ, ಬಿಳಿ ಎಡಗಡೆಯದು, ಹಳದಿ ಚಿತ್ರ. ಡಿ.ವಿ.ಡಿ. ಕಾಲದಿಂದ ನಮಗಿದು ಬಾಯಿಪಾಠ. ಈ ಟಿ.ವಿ.ಯಲ್ಲಿ ಹಳದಿ ತೂತೇ ಇಲ್ಲ, ಹಸಿರಿಗೇ ಎರಡು ಕೆಲಸ. ಹಳದಿ ತಂತಿಯನ್ನು ಅಲ್ಲಿಗೇ ಸಿಕ್ಕಿಸಿ, ರಿಮೋಟಿನಲ್ಲಿ 'ಕಾಂಪೊನೆಂಟ್' ಬಿಟ್ಟು 'ಎ.ವಿ.' ಆರಿಸಬೇಕು. ಕಾಂಪೊನೆಂಟ್ ಆಗಿದ್ದರೆ ಟಿ.ವಿ. ಹಸಿರಿನಿಂದ ಬೆಳಕು-ನೆರಳನ್ನಷ್ಟೇ ತೆಗೆದುಕೊಳ್ಳುತ್ತದೆ. ಬಣ್ಣಕ್ಕಾಗಿ ಪಕ್ಕದ ನೀಲಿ, ಕೆಂಪು ತೂತುಗಳನ್ನು ಕಾಯುತ್ತದೆ. ಹಾಗಾಗಿ ಚಿತ್ರ ಕಪ್ಪು-ಬಿಳುಪು.

ಆಡಬೇಕಾದರೆ ಇದನ್ನು ಐದನೆಯವರಿಗೆ ಕನ್ನಡದಲ್ಲೇ ಹೇಳಿಕೊಡಬೇಕೆಂದೆವು. ಪಾಠದಲ್ಲಿ ತುಟಿ ಬಿಚ್ಚದ ಹುಡುಗ ಹತ್ತು ನಿಮಿಷ ಹೇಳಿದ. ಸಾಕೆಟ್ಟಿಗೆ 'ಬಾಯಿ' ಎಂದ. ನಾವು ತಿದ್ದಲಿಲ್ಲ.